ಎರಡು ಹುಣಸೆ

"ಮೇಡಮ್ಮರ, ಎರಡು ಹುಣಸಿ ಕೆಳಗ ಗಾಡಿ ನಿಲ್ಲಿಸೀನ್ರಿ. ಹಾವು ಕಚ್ಚಿದವರು ಇಲ್ಲಿ ಯಾರೂ ಇಲ್ಲಲ್ರಿ!"

ಅಂಬುಲೆನ್ಸ್ ಚಾಲಕ ಭರತ್ ಫೋನಿನಲ್ಲಿ ಹೀಗೆಂದಾಗ ಗೀತಾಂಜಲಿ ಪಂಚಾಯಿತಿ ಗ್ರಂಥಾಲಯದಲ್ಲಿ ಕೂತು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದಳು. ಊರ ಸುತ್ತಲಿನ ಹೊಲ, ಹಳ್ಳ, ದಿಬ್ಬಗಳ ಹೆಸರುಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ ಪಟ್ಟಿ ಮಾಡಿ ಅಂಬುಲೆನ್ಸಿನವರಿಗೂ ಕೊಟ್ಟವಳು ಅವಳೇ. ಪಟ್ಟಿಯ ಕೊನೆಗೆ ತನ್ನ ನಂಬರನ್ನೂ ಹೆಮ್ಮೆಯಿಂದ ಹಾಕಿಕೊಂಡಿದ್ದಳು.

"ಕಚ್ಚಿದ್ದು ಯಾರಿಗ್ರಿ?"

"ಕುರಿ ಕಾಯೋ ಭರಮಮ್ಮಗಂತ. ಸೊಸಿ ಹೇಳಿದ್ಳು, ಎರಡು ಹುಣಸಿತಾವ ಬಿದ್ದಾಳ ಅಂತ. ಈಗ ಆಕಿ ಫೋನ್ ಹತ್ತವಲ್ದು. ನಿಮ್ಮ ಪಟ್ಟಿ ನೋಡೇ ಬಂದೀನ್ರಿ."

ಭರಮಮ್ಮ ಎಂದ ಕೂಡಲೇ ಗೀತಾಂಜಲಿಗೆ ಪಟ್ಟಿ ಬರೆದ ದಿನ ನೆನಪಾಯಿತು.

ಹೆಸರುಗಳನ್ನು ಒಂದೊಂದಾಗಿ ಹೇಳಿ ಬರೆಸಿದವಳೇ ಭರಮಮ್ಮ. ಊರ ಮೂಡಲಿಗೆ, ದಾರಿಯ ತಿರುವಿನಲ್ಲಿ ನಿಂತು, "ಇದು ಎರಡು ಹುಣಸಿ, ಬರ್ಕೋ" ಅಂದಿದ್ದಳು. ನೋಡಿದರೆ ಮೆಕ್ಕೆಜೋಳ ಬಿಟ್ಟು ಮತ್ತೇನೂ ಇಲ್ಲ.

"ಗಿಡ ಎಲ್ಲೈತವ್ವಾ?"

"ಕಡದು ಮೂವತ್ತು ವರ್ಷ ಆತು. ಗಿಡ ಹೋದ್ರ ಹೆಸರೂ ಹೋಗತೈತೇನು?"

ಮುದುಕಿಗೆ ಅರುಳುಮರುಳು ಎಂದುಕೊಂಡಳು ನಮ್ಮ ಜಾಣೆ. ಪಡುವಲಿಗೆ, ಹಿರೇಹಡಗಲಿ ರಸ್ತೆಯಲ್ಲಿ ಜೋಡಿ ಹುಣಸೆಮರ ಕಂಡದ್ದೇ ತಡ, ಹೆಸರನ್ನು ಅವಕ್ಕೆ ಅಂಟಿಸಿ ಫೋಟೋ ತೆಗೆದುಕೊಂಡು ಬಂದಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಓದಿದವರ ಕಿವಿಗೆ ಅದು ಬೀಳಬೇಕಲ್ಲ!

"ಅದು ತಪ್ಪು ಜಾಗಾರಿ! ಊರು ದಾಟಿ ಮೂಡಲಕ್ಕ ಬರ್ರಿ, ಏಳು ಕಿಲೋಮೀಟರ್."

"ಅಲ್ಲಿ ಗುರುತೇನೈತ್ರಿ?"

"ಗುರುತು ಏನೂ ಇಲ್ರಿ. ನಾನು ದಾರ್ಯಾಗ ನಿಂತಿರ್ತೀನಿ. ನನ್ನ ನೋಡಿ ನಿಲ್ಲಿಸ್ರಿ."

ಬುತ್ತಿ ಹಾಗೇ ಬಿಟ್ಟು ಸ್ಕೂಟಿ ಹತ್ತಿದಳು. ತಿರುವು ಸಿಕ್ಕಿತು. ಎರಡೂ ಕಡೆ ಆಳೆತ್ತರದ ಮೆಕ್ಕೆಜೋಳ.

"ಭರಮವ್ವಾ!"

"ಇಲ್ಲೇ ಅದೀನಿ..." ಒಳಗಿನಿಂದ ದನಿ ಬಂತು.

ಅತ್ತ ನುಗ್ಗಿದಳು. ನಾಲ್ಕು ಸಾಲು ದಾಟಿ ತಿರುಗಿದರೆ ದಾರಿ ಕಾಣಲಿಲ್ಲ. ದಾರಿಗೆ ತಾನು ಕಾಣದಿದ್ದರೆ ಗಾಡಿ ಮುಂದೆ ಹೋಗಿಬಿಡುತ್ತದೆ ಎಂದು ಹೊಳೆದದ್ದೇ ಬಿದ್ದು ಎದ್ದು ಹೊರಗೆ ಓಡಿ ಬಂದಳು. ಹೊಲದ ಒಳಗೆ ಹೋಗುವಂತಿಲ್ಲ, ಹೋಗದೆ ಇರುವಂತಿಲ್ಲ.

"ಭರಮವ್ವಾ, ಮಾತಾಡಕೋಂತ ಇರು! ಗಾಡಿ ಬರಾಕತ್ತೈತಿ!"

"ಹೂಂ."

ಮತ್ತೆ ಕೂಗಿದಳು. "ಹೂಂ" ಸಣ್ಣದಾಗಿ ಬಂತು. ಮೂರನೆಯ ಸಲ ಕೂಗಿದಾಗ ಒಂದು ಕುರಿ ಮಾತ್ರ ಒದರಿತು. ಗೀತಾಂಜಲಿ ನಾನೇ ಕೊಂದೆ ಎಂದು ಅಳುತ್ತ, ಹೊಲದೊಳಗೆ ಓಡಬೇಕೆನ್ನುವ ಕಾಲನ್ನು ಅಲ್ಲೇ ಊರಿ, ದಾರಿಯ ನಡುವೆ ನಿಂತೇ ಇದ್ದಳು.

ದೂಳು ಎದ್ದಿತು. ವೇಲು ಬೀಸಿದಳು. ಗಾಡಿ ನಿಂತಿತು.

ಕುರಿಗಳ ನಡುವೆ ಭರಮಮ್ಮ ಬಿದ್ದಿದ್ದಳು. ಕಾಲು ಮೊಣಕಾಲಿನವರೆಗೆ ಬಾತಿತ್ತು. "ಉಸಿರೈತ್ರಿ, ಎತ್ರಿ!" ಎಂದ ಭರತ್.

ಗಾಡಿ ಹರಪನಹಳ್ಳಿಯ ಕಡೆ ಓಡುತ್ತಿರುವಾಗ ಮುದುಕಿ ಕಣ್ಣು ತೆರೆದಳು. ಪಕ್ಕದಲ್ಲಿ ಕೂತವಳ ಗುರುತು ಹತ್ತಿತು.

"ಎರಡು ಹುಣಸಿ... ಅವತ್ತ ಹೇಳಿದ್ನಲ್ಲ. ಬರ್ಕೊಂಡಿದ್ಯಾ?"

ಗೀತಾಂಜಲಿ ಹೆದರಿ, "ಬರ್ಕೊಂಡಿದ್ದೆ ಯವ್ವಾ" ಎಂದಳು.

ಭರಮಮ್ಮ ಅವಳ ಕೈ ಹಿಡಿದುಕೊಂಡೇ ಕೇಳಿದಳು: "ಹಂಗಾರ ಗಾಡಿ ಯಾಕ ಇಷ್ಟು ತಡಾ ಆತು?"