ಬಂತು ನೋಡಿ!

ನಲ್ಲಿ ಹಾಕಿಸಿದ್ದು ಪುರಸಭೆ. ನೀರು ಬಿಡುವುದೊಂದನ್ನು ಮರೆತಿತ್ತು. ಓಣಿಯ ಹೆಂಗಸರು ಟ್ಯಾಂಕರಿಗೆ ಕಾದು, ಕೊಡಕ್ಕೆ ಕೊಡ ತಾಗಿಸಿ, ಬಾಯಿಗೆ ಬಂದಂತೆ ಬೈದಾಡಿಕೊಂಡು ನೀರು ಹಿಡಿಯುತ್ತಿದ್ದರು. ಇಸ್ತ್ರಿಯಮ್ಮನಿಗೆ ಬಟ್ಟೆಗೆ ಚಿಮುಕಿಸಲೂ ಅದೇ ನೀರು, ಮೊಮ್ಮಗಳಿಗೆ ಕುಡಿಸಲೂ ಅದೇ ನೀರು.

ಊರಿನ ವಾರಪತ್ರಿಕೆಯ ಸಂಪಾದಕರು ಒಂದು ದಿನ ಇಸ್ತ್ರಿಯಮ್ಮನ ಇಸ್ತ್ರಿ ಗಾಡಿಯ ಮುಂದೆ ಬಂದು ನಿಂತರು. ಪತ್ರಿಕೆ ಜನರದ್ದು, ಜಾಹೀರಾತು ಪುರಸಭೆಯದ್ದು. ‘ಜನರ ದನಿ’ ಅಂಕಣಕ್ಕೆ ಅವರಿಗೊಂದು ದನಿ ಬೇಕಿತ್ತು.

“ಹೊಸ ನಲ್ಲೀಲಿ ನೀರು ಬಂತೇನಮ್ಮಾ?”

“ನೀರಾ? ಬಂತು ನೋಡಿ!” ಇಸ್ತ್ರಿಯಮ್ಮ ಮೂತಿ ತಿರುವಿ ನಕ್ಕಳು.

ಕನ್ನಡ ಬಲ್ಲ ಯಾವ ಕೂಸಿಗಾದರೂ ಅದರ ಅರ್ಥ ಗೊತ್ತು. ಸಂಪಾದಕರಿಗೆ ಮಾತ್ರ ಗೊತ್ತಾಗಲಿಲ್ಲ. ಆ ವಾರ ಅವಳ ನಗುಮುಖದ ಫೋಟೊ ಬಂತು. ಕೆಳಗೆ ದಪ್ಪಕ್ಷರದಲ್ಲಿ, ‘ನೀರು ಬಂತು ನೋಡಿ! ಬಡ ಮಹಿಳೆಯ ಹರ್ಷೋದ್ಗಾರ.’

ಪತ್ರಿಕೆ ಹೊರಬಿದ್ದ ಮಾರನೆಯ ದಿನವೇ ಟ್ಯಾಂಕರ್ ನಿಂತಿತು. ಕೇಳಲು ಹೋದವರ ಮುಂದೆ ಪುರಸಭೆ ಅಧ್ಯಕ್ಷರು ಪತ್ರಿಕೆ ಬಿಚ್ಚಿದರು.

“ನಿಮ್ಮವಳೇ ಹೇಳಿದಾಳಲ್ರೀ! ಜನಾಭಿಪ್ರಾಯ ಮೀರೋಕಾಗುತ್ತಾ?”

ಇಸ್ತ್ರಿಯಮ್ಮನಿಗೆ ಓಣಿಯಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ. ಸ್ವಂತ ನಾದಿನಿಯೇ, “ಎಷ್ಟು ಕೊಟ್ರು ಅತ್ತಿಗೆ, ಹಾಗೆ ಹೇಳೋಕೆ?” ಎಂದಳು. ಇಸ್ತ್ರಿಯಮ್ಮ ನೆಟ್ಟಗೆ ಪತ್ರಿಕಾ ಕಚೇರಿಗೆ ನಡೆದಳು.

“ಅದು ಹೊಟ್ಟೆ ಉರಿದು ಅಂದಿದ್ದು ಸ್ವಾಮಿ! ತಿದ್ದಿ ಹಾಕಿ.”

“ಹಾಕೋಣಮ್ಮ. ಈ ವಾರ ಅಧ್ಯಕ್ಷರ ಹುಟ್ಟುಹಬ್ಬ, ಪುಟ ಭರ್ತಿ. ಮುಂದಿನ ವಾರ ಅವರ ಮಗನ ಮದುವೆ.”

ಇಸ್ತ್ರಿಯಮ್ಮ ವಾಪಸು ಬಂದವಳೇ ನಾದಿನಿಯ ಬಾಗಿಲು ಬಡಿದಳು.

“ಕೊಡ ತಗೋ. ಎಲ್ಲರನ್ನೂ ಕರಿ. ದಾರೀಲಿ ನೋಡ್ದೆ, ಪುರಸಭೆ ಅಂಗಳದಲ್ಲಿ ಹೂಗಿಡಕ್ಕೆ ನೀರು ಧೋ ಅಂತ ಸುರೀತಿದೆ.”

ಇಡೀ ಓಣಿ ಹೊರಟಿತು. ಕಾವಲುಗಾರ ಅಡ್ಡ ಬಂದ. ಅಷ್ಟು ಹೆಂಗಸರನ್ನು ಕಂಡು ಮೆಲ್ಲಗೆ ಪಕ್ಕಕ್ಕೆ ಸರಿದ. ಗಲಾಟೆ ಕೇಳಿ ಅಧ್ಯಕ್ಷರು ಹಾರದ ಸಮೇತ ಓಡಿಬಂದರು. ಹಿಂದೆಯೇ, ಹುಟ್ಟುಹಬ್ಬದ ಫೋಟೊ ತೆಗೆಯುತ್ತಿದ್ದ ಸಂಪಾದಕರು.

“ಏಯ್, ಇದು ಸರ್ಕಾರಿ ನೀರು!”

“ಮತ್ತೆ ನಾವೇನು ಪರದೇಶದವರಾ?” ಎಂದಳು ನಾದಿನಿ, ಕೊಡ ಕದಲಿಸದೆ.

ಸಂಪಾದಕರು ಕ್ಯಾಮೆರಾ ಎತ್ತಿದರು. ಎತ್ತಿ, ಅಧ್ಯಕ್ಷರ ಮುಖ ನೋಡಿದರು. “ತೆಗೀಲಾ ಸಾರ್?”

“ಏನೂ ಬೇಡ!”

ಕ್ಯಾಮೆರಾ ಚೀಲ ಸೇರಿತು. ಇಸ್ತ್ರಿಯಮ್ಮ ತುಂಬಿದ ಕೊಡವನ್ನು ಸಂಪಾದಕರ ಕಾಲ ಬಳಿ ಸರಿಸಿದಳು.

“ಕೈ ಖಾಲಿಯಾಯ್ತಲ್ಲ ಸ್ವಾಮಿ. ಎತ್ಕೊಂಡು ಬನ್ನಿ. ನಮ್ಮ ಓಣಿಗೆ ನೀರು ಹೇಗೆ ಬರುತ್ತೆ ಅಂತ ನಿಮ್ಗೂ ಗೊತ್ತಾಗ್ಲಿ.”