ಮಾಹ್ತೆ ಕೊಟ್ಟ ಮರ್ಯಾದೆ

"ಇನ್ನೊಂದು ಸುತ್ತು ಬಿಗಿಯೋ, ನದಿ ದಾಟೋವಾಗ ಜಾರೀತು!" ಎಂದು ಯಾರಿಗೋ ಕೂಗುತ್ತ ಮಾಹ್ತೆ, ತನ್ನ ತಮ್ಮ ಯೌನಾನ ಶವಪೆಟ್ಟಿಗೆ ಇಟ್ಟಿದ್ದ ಜಾರುಬಂಡಿಯನ್ನು ಹಿಮದ ಮೇಲೋಡುವ ಸ್ನೋಮೊಬೈಲ್ ಗಾಡಿಯ ಹಿಂದಕ್ಕೆ ಸಿಕ್ಕಿಸಿದ. ಚರ್ಚಿನ ಅಂಗಳದಲ್ಲಿ ಉಳಿದವರ ಗಾಡಿಗಳೂ ಸಾಲಾಗಿ ನಿಂತಿದ್ದವು, ಮೂತಿಗೆಲ್ಲ ಕಪ್ಪು ರಿಬ್ಬನ್ ಕಟ್ಟಿಕೊಂಡು. ನದಿಯಾಚೆಯ ಸ್ಮಶಾನದವರೆಗೂ ಮೆರವಣಿಗೆ. ಹಿಮಸಾರಂಗ ಕಾಯುವವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲವೆಂದು ಉತ್ತರ ಧ್ರುವದಂಚಿನ ಆ ಸಾಮಿ ಜನರ ಊರಿಗೆ ಊರೇ ಒಪ್ಪಿತ್ತು. ಸತ್ತವನ ಹೆಂಡತಿ ರಿಸ್ತೇನ್‌ಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅವಳು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಮಾಹ್ತೆ ಹೊಸ ಟೋಪಿ ಹಾಕಿದ್ದ. ತಮ್ಮನ ಹೆಣ ಹೊರಡಿಸುವುದಕ್ಕೂ ಹೊಸ ಟೋಪಿ ಹೊಲಿಸಿಕೊಳ್ಳುವ ಗಂಡಸು.

"ಭಾವ, ಇಂಥ ಗಾಡಿಯಿಂದಲೇ ಅಲ್ವಾ ಅವರು ಹಾಳಾಗಿದ್ದು?"

"ಅಯ್ಯೋ, ಅದು ಹಳೇ ಮಾತು ಕಣಮ್ಮ. ಬಿದ್ದಾಗ ಒಂದು ಬೆರಳೂ ಮುರೀಲಿಲ್ಲ. ಆಮೇಲೆ ಮನಸ್ಸಿಗೆ ಹಚ್ಕೊಂಡ, ಅಷ್ಟೇ."

ಪಕ್ಕದಲ್ಲಿದ್ದ ಯೌನಾನ ಸೋದರತ್ತೆ ಎಲ್ಲೆ ಮೂಗೊರೆಸಿಕೊಂಡಳು. "ಎಂಥಾ ಕೆಲಸಗಾರ ನಮ್ಮ ಯೌನಾ! ಹಿಂಡಿನ ಹಿಂದೆ ಗಾಳಿ ಥರ ಹೋಗ್ತಿದ್ದ."

"ಸೋಮಾರಿ ಅಂತ ಹೆಸರಿಟ್ಟಿದ್ದು ನೀವೇ ಅಲ್ವಾ ಅತ್ತೆ?"

"ಬದುಕಿದ್ದಾಗ ಅಂದಿದ್ದು ಕಣೇ. ಈಗ ಅಂದೆನಾ?"

*

ಕೆಲವು ವರ್ಷಗಳ ಹಿಂದೆ, ಬೆಳಕು ಮಬ್ಬಾದ ಒಂದು ದಿನ ಹಿಂಡು ತಿರುಗಿಸಲು ಹೋದ ಯೌನಾ, ಹಿಮದಡಿಯ ಬಂಡೆಗೆ ಗುದ್ದಿ ಗಾಡಿಯಿಂದ ಹಾರಿ ಬಿದ್ದಿದ್ದ. ತಲೆಯೊಳಗಿನ ಪೆಟ್ಟು ಹೊರಗೆ ಕಾಣಲಿಲ್ಲ. ಆಸ್ಪತ್ರೆಯಿಂದ ತನ್ನ ಕಾಲಮೇಲೇ ನಡೆದು ಬಂದ, ಅದೇ ತಪ್ಪಾಯಿತು. ಕುಂಟಿದ್ದರೆ ಊರು ನಂಬುತ್ತಿತ್ತು. ಸೂರ್ಯ ಮುಳುಗದ ಬೇಸಿಗೆಯನ್ನೆಲ್ಲ ಅವನು ಆಲೂಗಡ್ಡೆ ಇಡುವ ನೆಲಮಾಳಿಗೆಯಲ್ಲಿ ಕಣ್ಣು ಮುಚ್ಚಿಕೊಂಡು ಕಳೆಯುತ್ತಿದ್ದ. ಒಡೆಯರು ಕಿವಿಯಲ್ಲಿ ಕೊಯ್ದಿಟ್ಟ ಗುರುತು ನೋಡಿಯೂ ಸಾರಂಗ ಯಾರದೆಂದು ಹೇಳಲಾರ. ಒಮ್ಮೊಮ್ಮೆ ಹೆಂಡತಿಯ ಹೆಸರಿಗೂ ತಡಕಾಡುವನು. ಗಾಡಿಯ ಸದ್ದು ಕೇಳಿದರಂತೂ ವಾಂತಿಯೇ.

ಒಂದು ವಸಂತದಲ್ಲಿ ಮಾಹ್ತೆ ಬಂದವನೇ ಅಡುಗೆಮನೆಯ ಕಿಟಕಿಯ ಕೆಳಗೆ ಗಾಡಿ ಗುರ್ರೆನ್ನಿಸಿದ.

"ಹತ್ತೋ! ಒಂದು ಸಲ ಹತ್ತಿದ್ರೆ ಭಯ ಬಿಟ್ಟೋಗತ್ತೆ!"

ಜೊತೆಗೆ ಬಂದವರು ಚಪ್ಪಾಳೆ ತಟ್ಟಿದರು. ಒಳಗೆ ಯೌನಾ ಮೇಜಿನಡಿ ಮುದುಡಿ ಕೂತಿದ್ದ. ರಿಸ್ತೇನ್ ತನ್ನ ಅಂಗೈಗಳಿಂದ ಅವನ ಕಿವಿ ಒತ್ತಿ ಹಿಡಿದಿದ್ದಳು. ಸದ್ದು ದೂರವಾದ ಮೇಲೆ ಅವನು ಬಾಯೊರೆಸಿಕೊಂಡ.

"ಅಣ್ಣನ ಬಾಯಿಗಿಂತ ಅವನ ಗಾಡೀನೇ ವಾಸಿ ಕಣೇ. ಅದನ್ನ ನಿಲ್ಸೋಕೆ ಬೀಗದ ಕೈ ಆದ್ರೂ ಇದೆ."

*

ಚರ್ಚಿನ ಅಂಗಳದಲ್ಲಿ ಮಾಹ್ತೆ ಗಾಡಿ ಚಾಲೂ ಮಾಡಿದ. ಸಾಲಿನ ಗಾಡಿಗಳೆಲ್ಲ ಒಟ್ಟಿಗೆ ಗುಡುಗಿದವು. ಪೆಟ್ಟಿಗೆ ನಡುಗಿತು, ಮೇಲಿಟ್ಟ ಹೂಗಳು ಅದುರಿದವು.

ರಿಸ್ತೇನ್ ಮೆಟ್ಟಿಲಿಳಿದು ಬಂದು ಜಾರುಬಂಡಿಯ ಕೊಂಡಿ ಬಿಚ್ಚಿದಳು. ಮುಂದಿನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡಳು.

"ನಿಂಗೇನು ಹುಚ್ಚಾ? ನದಿ ದಾಟಬೇಕು, ಆಮೇಲೆ ಗುಡ್ಡ!"

"ನೀವು ಗಾಡೀಲೇ ಹೋಗಿ ಭಾವ. ಅವರು ಬರಲ್ಲ."

"ಜನ ನೋಡ್ತಿದಾರೆ ಕಣಮ್ಮ!"

"ನೋಡ್ಲಿ. ಇಷ್ಟು ವರ್ಷ ನೋಡಿದ್ದು ಬಿಟ್ಟು ಇನ್ನೇನು ಮಾಡಿದಾರೆ?"

ಅವಳು ಜಗ್ಗಿದಳು. ಬಂಡಿ ಅಲುಗಲಿಲ್ಲ. ಮತ್ತೆ ಜಗ್ಗಿದಳು. ಪಾದ್ರಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳಿದ ಮೇಲೆ ಅದು ಕಿರುಗುಟ್ಟಿ ಹೊರಟಿತು.

ಗಾಡಿಗಳು ಒಂದೊಂದಾಗಿ ಸುಮ್ಮನಾದವು. ಪಶ್ಚಾತ್ತಾಪದಿಂದಲ್ಲ, ವಿಧವೆ ಹಗ್ಗ ಎಳೆಯುವಾಗ ಗಂಡಸು ಗಾಡಿಯ ಮೇಲೆ ಕೂತರೆ ನಾಳೆ ಊರು ಆಡಿಕೊಳ್ಳುತ್ತದಲ್ಲ, ಅದಕ್ಕೆ. ಮಾಹ್ತೆಯೂ ಬಂದು ಹಗ್ಗ ಹಿಡಿದ. ಹೆಪ್ಪುಗಟ್ಟಿದ ನದಿಯ ನಡುವಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಅಪ್ಪಣೆ ಕೊಡಲೂ ಅವನಿಗೆ ಉಸಿರು ಉಳಿದಿರಲಿಲ್ಲ. ಹಿಂದೆ ಎಲ್ಲೆ ಅತ್ತೆ ಗೋಳೋ ಎಂದು ರಾಗ ತೆಗೆದಳು.

"ಮೆಲ್ಲಗೆ ಅಳಿ ಅತ್ತೆ," ಎಂದಳು ರಿಸ್ತೇನ್. "ಅವರಿಗೆ ಗದ್ದಲ ಆಗಲ್ಲ."

ಆಚೆ ದಡದಲ್ಲಿ ಹಿಮ ಕೆದಕಿ ಮೇಯುತ್ತಿದ್ದ ಸಾರಂಗಗಳು ತಲೆಯೆತ್ತಿ, ಹತ್ತಿರವಾಗುತ್ತಿದ್ದ ಜನರನ್ನು ನೋಡಿದವು. ಒಂದೂ ಓಡಲಿಲ್ಲ. ಪೆಟ್ಟಿಗೆ ಅವುಗಳ ನಡುವೆಯೇ ಹಾದುಹೋಗುವಾಗ ಮತ್ತೆ ತಲೆ ತಗ್ಗಿಸಿ ಮೇಯತೊಡಗಿದವು.