ಹೊಳೆ ಇನ್ನೂ ಹಸಿ

ಟೇಬಲ್ಲಿನ ಎರಡೂ ಬದಿ ಹಿಡಿದು ತಮ್ಮ ಇನ್ನೇನು ಎತ್ತಬೇಕು, ಅಷ್ಟರಲ್ಲಿ ಅಕ್ಕನ ಕೈ ಅವನ ಮಣಿಕಟ್ಟಿನ ಮೇಲೆ ಬಿತ್ತು.

“ಬಿಡು.”

“ಅಕ್ಕ, ಗಾಡಿ ಬಂದು ನಿಂತಿದೆ. ಇದು ಇಲ್ಲೇ ಇದ್ರೆ ಭಾವನ್ನ ಹೊರಗೆ ತರೋದು ಹೇಗೆ?”

“ಹೊಳೆ ಇನ್ನೂ ಹಸಿ ಇದೆ ಕಣೋ.”

ಒಳಕೋಣೆಯಲ್ಲಿ ಅವಳ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಮಲಗುವ ಮುಂಚೆ ಮಾಡಿ ಮುಗಿಸಿದ ಕೆಲಸ ಈ ಟೇಬಲ್ಲಿನ ಮೇಲಿತ್ತು. ಅಂಗೈಯಷ್ಟೆತ್ತರದ ಮರದ ಪೆಟ್ಟಿಗೆ, ಮುಂದುಗಡೆ ಗಾಜು, ಮೇಲೆ ಇನ್ನೂ ಮುಚ್ಚಳವಿಲ್ಲ. ಒಳಗೊಂದು ಗುಡ್ಡ, ಗುಡ್ಡದ ತುಂಬ ಮರ, ಬುಡದಲ್ಲಿ ಬಳುಕಿಕೊಂಡು ಬರುವ ಹೊಳೆ. ಹೊಳೆ ಎಂದರೆ ರೆಸಿನ್. ಸುರಿಯುವಾಗ ಜೇನುತುಪ್ಪದ ಹಾಗಿರುತ್ತದೆ, ಎರಡು ದಿನ ಅಲುಗದೆ ಕೂತರೆ ಗಾಜಾಗುತ್ತದೆ. ಅಷ್ಟರೊಳಗೆ ಚೂರು ವಾಲಿದರೂ ದಡ ಹತ್ತಿ ಮರಳನ್ನೆಲ್ಲ ನುಂಗಿಬಿಡುತ್ತದೆ. ಅದಕ್ಕೇ ಅವನು ಟೇಬಲ್ಲಿನ ಒಂದು ಕಾಲಿಗೆ ರಟ್ಟು ಕೊಟ್ಟು, ತಟ್ಟೆಯಲ್ಲಿ ನೀರಿಟ್ಟು ಮಟ್ಟ ನೋಡಿ, ಆಮೇಲೆ ಸುರಿದಿದ್ದ. ಒಳಕೋಣೆಯಿಂದ ಬೀದಿ ಬಾಗಿಲಿಗೆ ಹೋಗುವ ಇಕ್ಕಟ್ಟು ಜಾಗದಲ್ಲೇ ಟೇಬಲ್ಲು. ಕಿಟಕಿಯ ಬೆಳಕು ಬೀಳುತ್ತಿದ್ದುದು ಅಲ್ಲೊಂದೇ ಕಡೆ.

“ಪೆಟ್ಟಿಗೆ ಮಾತ್ರ ಮೆತ್ತಗೆ ಎತ್ತಿ ಅಡುಗೆಮನೇಲಿ ಇಡ್ತೀನಿ,” ಎಂದ ತಮ್ಮ. “ದರ್ಜಿ ಕೈ ಇದು, ಅಲ್ಲಾಡಲ್ಲ.”

“ನೀನು ಹೊಲಿದ ಅಂಗಿ ನೋಡಿದೀನಿ. ಒಂದು ತೋಳು ಉದ್ದ, ಒಂದು ಗಿಡ್ಡ.”

ಗೋಡೆಗೊರಗಿ ಅಳುತ್ತಿದ್ದ ಮಗಳು ನಕ್ಕುಬಿಟ್ಟು, ಸೆರಗಿಲ್ಲದ್ದಕ್ಕೆ ಅಂಗೈಯಲ್ಲೇ ಬಾಯಿ ಮುಚ್ಚಿಕೊಂಡಳು.

*

ಅಕ್ಕನ ಗಂಡ ಲಿಫ್ಟ್ ನಡೆಸುವವನು. ದೊಡ್ಡದೊಂದು ಕಚೇರಿ ಕಟ್ಟಡದಲ್ಲಿ, ಕಿಟಕಿಯಿಲ್ಲದ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು, ಜನರನ್ನು ಮೇಲೆ ಕೆಳಗೆ ಒಯ್ಯುವುದರಲ್ಲೇ ವಯಸ್ಸಾಯಿತು. ಸಂಜೆ ಮನೆಗೆ ಬಂದು ಕೈಕಾಲು ತೊಳೆದನೆಂದರೆ ಪೆಟ್ಟಿಗೆಯ ಮುಂದೆ.

“ಹಗಲೆಲ್ಲ ಒಂದು ಡಬ್ಬದಲ್ಲಿದ್ದು ಬರ್ತೀರಿ, ಬಂದು ಇನ್ನೊಂದು ಡಬ್ಬ,” ಎಂದಿದ್ದಳು ಹೆಂಡತಿ, ಮದುವೆಯಾದ ಹೊಸದರಲ್ಲಿ.

“ಇದಕ್ಕೆ ಗಾಳಿ ಬರುತ್ತೆ ಕಣೇ.”

ಅವಳು ಸೋಸಿ ಎಸೆಯುತ್ತಿದ್ದ ಟೀಪುಡಿ ಒಣಗಿ ಮಣ್ಣಾಯಿತು. ಪಾತ್ರೆ ತಿಕ್ಕುವ ಸ್ಪಂಜು ಚೂರಾಗಿ ಎಲೆಯಾಯಿತು. ಹಳೇ ವೈರಿನೊಳಗಿನ ತಾಮ್ರದ ಎಳೆ ಹೊಸೆದರೆ ಕೊಂಬೆ. ಎಲ್ಲ ಕೈಗೆ ಹತ್ತಿತು, ಹೊಳೆಯೊಂದು ಹತ್ತಲಿಲ್ಲ. ಮೊದಲ ಸಲ ಸುರಿದ ಮರುದಿನವೇ, ಲಿಫ್ಟಿನಲ್ಲಿ ಎಲ್ಲರಿಗೂ ತೋರಿಸಬೇಕೆಂಬ ಆಸೆ ತಡೆಯಲಾರದೆ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟ. ಡ್ರೈವರ್ ಬ್ರೇಕ್ ಹಾಕಿದ. ಹೊಳೆ ಮಡಿಲಿಗೆ ಬಂತು. ಎರಡು ದಿನದ ಮೇಲೆ ನೋಡಿದರೆ, ಬಿಚ್ಚಿಟ್ಟ ಪ್ಯಾಂಟು ಯಾರ ಹಂಗಿಲ್ಲದೆ ತಾನೇ ನಿಂತಿತ್ತು.

ಆಮೇಲಿನ ಹೊಳೆಗಳಲ್ಲಿ ಒಂದು ಹಳದಿಗೆ ತಿರುಗಿತು, ಒಂದಕ್ಕೆ ಗುಳ್ಳೆ ಬಂತು, ಒಂದರಲ್ಲಿ ನೊಣ ಬಿದ್ದು ಅಲ್ಲೇ ಉಳಿಯಿತು. ನಿನ್ನೆ ರಾತ್ರಿ ಸುರಿದಾದ ಮೇಲೆ ಅವನು ಹೆಂಡತಿಯನ್ನು ಕರೆದ. ಗುಳ್ಳೆಯಿರಲಿಲ್ಲ, ಕಲೆಯಿರಲಿಲ್ಲ; ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು.

“ಇದು ಹೊಳೆ,” ಎಂದಷ್ಟೇ ಹೇಳಿ ಮಲಗಲು ಹೋದ.

*

ಕಚೇರಿ ಕಟ್ಟಡದ ವಾಚ್‌ಮನ್ ಸಮವಸ್ತ್ರದಲ್ಲೇ ಬಂದ. ಅವನ ಹಿಂದೆ ಮೂರ್ನಾಲ್ಕು ಮಂದಿ ಜವಾನರು. ಹೊರಗೆ ಗಾಡಿಯವನು ಎರಡನೇ ಸಲ ಹಾರನ್ ಹೊಡೆದ.

“ಮನುಷ್ಯನಿಗಿಂತ ಆಟದ ಸಾಮಾನು ಹೆಚ್ಚಾಯ್ತಾ?” ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾಕೆ ಗೊಣಗಿದಳು.

ಅಕ್ಕ ಅವಳ ಕಡೆ ತಿರುಗಿದಳು. ದನಿ ಏರಿಸಲಿಲ್ಲ. “ಇಷ್ಟು ವರ್ಷಕ್ಕೆ ಒಂದು ಹೊಳೆ ಸರಿ ಬಂದಿದೆ. ಅವರನ್ನ ಕಳಿಸೋ ಗಡಿಬಿಡೀಲಿ ಅದನ್ನ ಚೆಲ್ಲು ಅಂತೀರಾ?”

ವಾಚ್‌ಮನ್ ಟೋಪಿ ತೆಗೆದು, ಮಂಡಿಗೆ ಕೈಕೊಟ್ಟು ಬಗ್ಗಿ, ಉಸಿರು ತಾಗದಂತೆ ಬಾಯಿಗೆ ಟೋಪಿ ಅಡ್ಡ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ.

“ಸಾಧಿಸಿಬಿಟ್ಟಿದಾನೆ, ಅತ್ತಿಗೆ,” ಎಂದ. “ಪ್ಯಾಂಟ್ ಕತೆ ಹೇಳಿ ಹೇಳಿ ನಗಿಸ್ತಿದ್ದ. ಇದನ್ನ ಹೇಳೋಕೆ ಇವತ್ತು ಬರಬೇಕಿತ್ತು ಅವನು.” ಆಮೇಲೆ ನೆಟ್ಟಗೆ ನಿಂತು ಜಾಗ ಅಳೆದ. “ಟೇಬಲ್ ಅಲ್ಲೇ ಇರ್ಲಿ. ಅವನನ್ನೇ ಮೇಲಿಂದ ದಾಟಿಸೋಣ.”

“ಮೇಲಿಂದಾನಾ?” ಸೂರು ನೋಡಿದ ತಮ್ಮ.

“ನಮ್ಮನ್ನೆಲ್ಲ ಎಷ್ಟು ಸಲ ಮೇಲಕ್ಕೆ ಕರಕೊಂಡು ಹೋಗಿಲ್ಲ ಅವನು? ಒಂದ್ಸಲ ನಾವು ಎತ್ತೋಣ ಬಿಡಿ.”

ಮೂವರು ಒಳಗೆ ಹೋದರು, ಮೂವರು ಬೀದಿ ಬಾಗಿಲ ಕಡೆ ನಿಂತರು. ಮಗಳು ರಟ್ಟು ಕೊಟ್ಟ ಕಾಲಿನ ಮುಂದೆ, ಯಾರ ಪಾದವೂ ತಾಗದಂತೆ, ನೆಲದಲ್ಲಿ ಕೂತಳು.

“ಮಾಮ, ಹೊಟ್ಟೆ ಒಳಗೆ ಎಳಕೋ.”

“ಎಳಕೊಂಡೇ ಇದೀನಿ ಕಣಮ್ಮ, ಇರೋದೇ ಇಷ್ಟು.”

“ಎತ್ತಿ,” ಎಂದ ವಾಚ್‌ಮನ್. “ಇನ್ನೂ ಎತ್ತಿ. ಹಾಂ, ಹಾಗೇ ಬರ್ಲಿ.”

ತಲೆಗಿಂತ ಮೇಲೆ ಚಾಚಿದ ಕೈಗಳಿಂದ ಚಾಚಿದ ಕೈಗಳಿಗೆ ಅವನು ಸಾಗಿದ. ಪಕ್ಕದ ಮನೆಯಾಕೆಯೂ ಬಂದು ಒಂದು ಕೈ ಕೊಟ್ಟಳು. ಅಕ್ಕ ಪೆಟ್ಟಿಗೆಯ ಪಕ್ಕದಲ್ಲಿ ಬೆನ್ನು ನೇರ ಮಾಡಿ ನಿಂತಿದ್ದಳು. ಮೇಲೆ ನೋಡಲಿಲ್ಲ, ಹೊಳೆಯನ್ನೇ ನೋಡುತ್ತಿದ್ದಳು. ಗುಡ್ಡದ ಬುಡದ ಹಸಿ ನೀರಿನಲ್ಲಿ ಬಿಳಿಯದೊಂದು ಬಿಂಬ ನಿಧಾನಕ್ಕೆ ಬಂತು, ಮರಗಳ ನಡುವೆ ತೇಲಿತು, ತಿರುವಿನಲ್ಲಿ ಒಂದು ಗಳಿಗೆ ನಿಂತಂತಾಗಿ, ಆಚೆ ದಡ ದಾಟಿ ಹೋಯಿತು. ನೀರು ಅಲುಗಲಿಲ್ಲ.